ಭೀಮನ ಗದೆ ಕೈಗಂಟುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಗುಬ್ಬಿ ತಾಲ್ಲೂಕು, ಚೇಳೂರು ಕಡೆಯ ಹಳ್ಳಿ. ಜಾತ್ರೆಗೆ ಪೌರಾಣಿಕ ನಾಟಕ ಆಡುತ್ತೇವೆ, ನನ್ನದು ಭೀಮನ ಪಾರ್ಟು. ಡ್ರೆಸ್ಸು, ಸೀನರಿ ಬಾಡಿಗೆಗೆ ತರುತ್ತೇವೆ. ಗದೆ ಮಾತ್ರ ನಮ್ಮದೇ ಇರಲಿ ಅಂತ ಎರಡು ವರ್ಷದ ಹಿಂದೆ ಮಾಡಿಸಿಕೊಂಡೆವು. ತಲೆ ಫೈಬರ್, ಕೋಲು ಪಿವಿಸಿ ಪೈಪು, ಕೈ ಹಿಡಿಯುವ ಕಡೆ ರೆಕ್ಸಿನ್ ಸುತ್ತಿದೆ. ಚಿನ್ನದ ಬಣ್ಣ ಮಾಸಿತು ಅಂತ ಹೋದ ದಸರಾ ಸಮಯದಲ್ಲಿ ಗೋಲ್ಡನ್ ಯೆಲ್ಲೋ ಎನಾಮಲ್ ತಂದು ನಾವೇ ಬಳಿದೆವು. ಟರ್ಪೆಂಟೈನ್ ಸಾಲಲಿಲ್ಲ, ಮನೆಯಲ್ಲಿದ್ದ ಹಳೇ ಸೀಮೆಎಣ್ಣೆ ಬೆರೆಸಿದೆವು. ಒಂದೇ ಸಂಜೆ ಎರಡು ಕೋಟು ಆಯಿತು. ಮೂರು ದಿನವಾದರೂ ಅಂಟು ಹೋಗಲಿಲ್ಲ. ಅಂಗಡಿಯವರು ಮೇಲೊಂದು ವಾರ್ನಿಷ್ ಹೊಡೆಯಿರಿ ಅಂದರು, ಅದನ್ನೂ ಹೊಡೆದೆವು. ನ್ಯೂಸ್ ಪೇಪರ್ ಸುತ್ತಿ ಅಟ್ಟಕ್ಕೆ ಹಾಕಿದ್ದೆವು. ಈಗ ತೆಗೆದರೆ ಪೇಪರಿನ ಅಕ್ಷರ ಉಲ್ಟಾ ಆಗಿ ಗದೆ ಮೇಲೆ ಅಚ್ಚಾಗಿದೆ. ಹೆಗಲ ಮೇಲಿಟ್ಟುಕೊಂಡು ನೋಡಿದರೆ ಟ್ರಯಲ್‌ಗೆ ತಂದಿದ್ದ ಬಾಡಿಗೆಯ ವೆಲ್ವೆಟ್ ಕೋಟಿಗೆ ಹಳದಿ ಮೆತ್ತಿಕೊಂಡಿತು. ಒಬ್ಬರು ಬಿಸಿಲಿಗಿಡು ಅನ್ನುತ್ತಾರೆ, ಒಬ್ಬರು ಪೌಡರ್ ಹಚ್ಚು ಅನ್ನುತ್ತಾರೆ, ಇನ್ನೊಬ್ಬರು ಕಾಸ್ಟಿಕ್ ಸೋಡದಲ್ಲಿ ಅದ್ದು, ಇಲ್ಲಾ ಬೆಂಕಿ ತೋರಿಸಿ ಕೆರಿ ಅನ್ನುತ್ತಾರೆ. ನಾಟಕಕ್ಕೆ ಐದು ವಾರ ಇದೆ. ಅದೇ ಬಣ್ಣ ಬಳಿದ ರಟ್ಟಿನ ಕಿರೀಟವೂ ಒಂದಿದೆ. ವೆಲ್ವೆಟ್ಟಿನ ಕಲೆ ಹೋಗುತ್ತದೆಯೇ?

ಉತ್ತರ: ಕೆರೆದರೆ ಫೈಬರ್ ಹಾಳಾದೀತು, ಕೆರೆಯದೆ ಮುಚ್ಚಿದರೆ ರಂಗದ ಮೇಲೆ ಮತ್ತೆ ಅಂಟೀತು, ಇದು ನಿಮ್ಮ ಆತಂಕ. ನೇರವಾಗಿ ಹೇಳುತ್ತೇನೆ: ಕೆರೆಯಲೇಬೇಕು. ಆದರೆ ಗದೆಯ ಮೇಲಿರುವುದನ್ನೆಲ್ಲ ಅಲ್ಲ, ಕೆಟ್ಟ ಪದರ ಎಲ್ಲಿಯವರೆಗಿದೆಯೋ ಅಲ್ಲಿಯವರೆಗೆ ಮಾತ್ರ. ಐದು ವಾರ ಧಾರಾಳವಾಗಿ ಸಾಕು, ಈ ವಾರವೇ ಕೈ ಹಾಕಿದರೆ. 1884ರಲ್ಲೇ ನಾಟಕ ಕಂಪನಿ ಕಟ್ಟಿದ ಗುಬ್ಬಿಯ ಸೀಮೆಯವರು ನೀವು. ಒಂದು ಗದೆಯನ್ನಾದರೂ ಸ್ವಂತಕ್ಕೆ ಮಾಡಿಸಿಕೊಂಡಿದ್ದೀರಿ ಎಂದು ಓದಿ ಸಂತೋಷವಾಯಿತು. ಅದನ್ನು ಮೂಲೆಗೆ ಹಾಕುವ ಪ್ರಮೇಯ ಬರುವುದಿಲ್ಲ.

ಅಂಟು ಯಾಕೆ ಉಳಿಯಿತು ಅನ್ನುವುದು ತಿಳಿಯದೆ ಏನು ಮಾಡಿದರೂ ತಿರುಗಿ ಅಲ್ಲಿಗೇ ಬರುತ್ತೀರಿ, ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ. ಎನಾಮಲ್ ಬಟ್ಟೆಯ ಹಾಗೆ ಒಣಗುವುದಿಲ್ಲ, ಕಾಯಿಯ ಹಾಗೆ ಬಲಿಯುತ್ತದೆ. ಬಳಿದ ಮೇಲೆ ಮೊದಲು ಅದರೊಳಗಿನ ಟರ್ಪೆಂಟೈನ್ ಹಾರಿಹೋಗುತ್ತದೆ. ಅದಕ್ಕೆ ಕೆಲವು ಗಂಟೆ ಸಾಕು. ಮುಟ್ಟಿದರೆ ಒಣಗಿದೆ ಅನ್ನಿಸುವುದು ಆಗಲೇ. ಬಲಿಯುವ ಕೆಲಸ ಅಲ್ಲಿಂದ ಮುಂದಿನದು. ಬಣ್ಣದಲ್ಲಿರುವ ಎಣ್ಣೆಯ ಅಂಶ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಕಣಕ್ಕೆ ಕಣ ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತಾ ಹೋಗುತ್ತದೆ. ತೆಳ್ಳಗೆ ಬಳಿದ ಒಳ್ಳೆಯ ಎನಾಮಲ್ ಕೂಡ ಪೂರ್ತಿ ಗಡುಸಾಗಲು ಸುಮಾರು ಒಂದು ವಾರ ತೆಗೆದುಕೊಳ್ಳುತ್ತದೆ. ಗಾಳಿ ತಾಕದಿದ್ದರೆ ಬಲಿಯುವುದೇ ಇಲ್ಲ.

ನಿಮ್ಮ ಗದೆಗೆ ಆ ಗಾಳಿ ಮೂರು ಕಡೆಯಿಂದ ತಪ್ಪಿದೆ. ಒಂದೇ ಸಂಜೆ ಎರಡು ದಪ್ಪ ಕೋಟು ಬಿದ್ದಿದೆ. ಕಾಯಿಸಿದ ಹಾಲಿಗೆ ಕೆನೆ ಕಟ್ಟುತ್ತದಲ್ಲ, ಹಾಗೆ ಮೇಲಿನ ಪೊರೆ ಗಟ್ಟಿಯಾಗಿ ಒಳಗಿನದು ಹಸಿಯಾಗಿಯೇ ಉಳಿಯಿತು. ಅದರ ಮೇಲೆ ವಾರ್ನಿಷ್ ಹೊಡೆದಿರಿ. ಅದೂ ಎಣ್ಣೆಯದೇ ಜಾತಿ. ಕೆಳಗಿನ ಹಸಿಗೆ ಇದ್ದಬದ್ದ ಗಾಳಿಯೂ ನಿಂತಿತು, ತಾನೂ ಸರಿಯಾಗಿ ಬಲಿಯಲಿಲ್ಲ. ಕೊನೆಗೆ ಪೇಪರ್ ಸುತ್ತಿ ಅಟ್ಟದ ಕತ್ತಲೆಗೆ ಹಾಕಿದಿರಿ. ದಸರಾ ಸಮಯ ಬೇರೆ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ಅಂದರೆ ಮಳೆ ಹಿಡಿಯುವ ತಿಂಗಳು. ತೇವದ ಗಾಳಿಯಲ್ಲಿ, ಥಂಡಿಯಲ್ಲಿ ಎನಾಮಲ್ ಇನ್ನೂ ನಿಧಾನ.

ಇದೆಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿರುವುದು ಸೀಮೆಎಣ್ಣೆ. ಅಂಗಡಿಯಲ್ಲಿ ಸಿಗುವ ಟರ್ಪೆಂಟೈನ್ ಸುಮಾರು 150ರಿಂದ 200 ಡಿಗ್ರಿ ಒಳಗೆ ಕುದಿದು ಮುಗಿಯುವಂಥ ಹಗುರ ಎಣ್ಣೆ. ಬಳಿದಾಗ ಏನೂ ಉಳಿಸದೆ ಆರುತ್ತದೆ. ಸೀಮೆಎಣ್ಣೆಯ ಹರವು 300 ಡಿಗ್ರಿಯವರೆಗೂ ಹೋಗುತ್ತದೆ. ಅಂದರೆ ಅದರಲ್ಲಿರುವ ಭಾರದ ಅಂಶ ಮನೆಯ ಗಾಳಿಗೆ ಬೇಗ ಹಾರುವುದೇ ಇಲ್ಲ, ಬಣ್ಣದೊಳಗೇ ಎಣ್ಣೆಯಾಗಿ ಕೂತುಬಿಡುತ್ತದೆ. ಮುದ್ದೆ ತೊಳಸುವಾಗ ನೀರು ಹೆಚ್ಚಾದರೆ ಎಷ್ಟು ಹೊತ್ತು ಇಟ್ಟರೂ ಉಂಡೆ ಕಟ್ಟಲು ಬರುತ್ತದೆಯೇ? ಇದೂ ಅಷ್ಟೇ. ಹಳ್ಳಿಗಳಿಂದ ನನ್ನ ಕೈಗೆ ಬಂದ ಅಂಟುವ ಸಾಮಾನುಗಳಲ್ಲಿ, ಕುರ್ಚಿಯಿರಲಿ ಬಿಲ್ಲಿರಲಿ, ಕೇಳುತ್ತಾ ಹೋದರೆ ಹೆಚ್ಚಿನವಕ್ಕೆ ಕೊನೆಯಲ್ಲಿ ಸೀಮೆಎಣ್ಣೆಯ ಕಥೆಯೇ ಹೊರಬೀಳುತ್ತದೆ.

ಇನ್ನು ನಿಮಗೆ ಬಂದಿರುವ ಸಲಹೆಗಳು. ಬಿಸಿಲಿನ ಮಾತಿನಲ್ಲಿ ಅರ್ಧ ನಿಜವಿದೆ. ತೆಳ್ಳನೆಯ ಕೋಟು, ಸ್ವಲ್ಪ ಮಾತ್ರ ಜಿಗುಟು ಇದ್ದರೆ, ಬೆಚ್ಚಗಿನ ಗಾಳಿಯಾಡುವ ಜಾಗದಲ್ಲಿ ಎರಡು ಮೂರು ವಾರ ತೂಗುಹಾಕಿದರೆ ತಾನೇ ಬಲಿಯುವುದುಂಟು. ನಿಮ್ಮದು ಆ ಹಂತ ದಾಟಿದೆ. ಅಕ್ಷರ ಅಚ್ಚಾಗುವಷ್ಟು ಮೆತ್ತಗಿದೆ ಅಂದಮೇಲೆ ಬಿಸಿಲು ಅದನ್ನು ಇನ್ನಷ್ಟು ಮೆತ್ತಗೆ ಮಾಡುತ್ತದೆಯೇ ಹೊರತು ಗಟ್ಟಿ ಮಾಡುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಫೈಬರ್ ತಲೆ ಟೊಳ್ಳು, ಎರಡು ಹೋಳು ಸೇರಿಸಿ ಮಾಡಿರುತ್ತಾರೆ. ಮಾರ್ಚಿನ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿದರೆ ಆ ಹೊಲಿಗೆ ಬಾಯಿ ಬಿಡಬಹುದು.

ಪೌಡರ್ ಒಂದು ರಾತ್ರಿಯ ಮದ್ದು. ನಾಳೆಯೇ ನಾಟಕ ಅಂತಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಮೈಗೆ ಹಾಕುವ ಪೌಡರ್ ಉದುರಿಸಿ, ಹತ್ತಿ ಬಟ್ಟೆಯಲ್ಲಿ ಸವರಿದರೆ ಮೂರು ನಾಲ್ಕು ಗಂಟೆ ಅಂಟು ಅಡಗುತ್ತದೆ, ಹೊಳಪು ಸಾಯುತ್ತದೆ. ಬೆವರು ತಾಗಿದ ಕಡೆ ಮುದ್ದೆಯಾಗುತ್ತದೆ. ಮೇಲೆ ಇನ್ನೊಂದು ಕೋಟು ಬಳಿದು ಮುಚ್ಚುವುದರ ಫಲವನ್ನು ವಾರ್ನಿಷ್ಷಿನಲ್ಲಿ ನೀವೇ ಕಂಡಿದ್ದೀರಿ. ಸ್ಪ್ರೇ ಡಬ್ಬಿಯ ಚಿನ್ನದ ಬಣ್ಣವಾದರೆ ಇನ್ನೂ ಕಷ್ಟ. ಅದರ ಥಿನ್ನರ್ ತೀಕ್ಷ್ಣ, ಕೆಳಗಿನ ಹಸಿ ಎನಾಮಲ್ಲನ್ನು ಎಬ್ಬಿಸಿ ಮುದಿ ಆನೆಯ ಚರ್ಮದ ಹಾಗೆ ಸುಕ್ಕು ಮಾಡಿಬಿಡುತ್ತದೆ.

ಕಾಸ್ಟಿಕ್ ಸೋಡ ಹಳೆಯ ಮರದ ಬಾಗಿಲಿನ ಎಣ್ಣೆಬಣ್ಣ ತೆಗೆಯಲು ಬಳಸುತ್ತಿದ್ದದ್ದು ನಿಜ, ಬಣ್ಣದ ಎಣ್ಣೆಯನ್ನು ಅದು ಸೋಪು ಮಾಡಿಬಿಡುತ್ತದೆ. ನಿಮ್ಮ ಗದೆಗೆ ಮಾತ್ರ ಖಂಡಿತ ಬೇಡ. ಫೈಬರ್ ತಲೆ ಅಂದರೆ ಗಾಜಿನ ನಾರನ್ನು ಪಾಲಿಯೆಸ್ಟರ್ ರೆಸಿನ್‌ನಲ್ಲಿ ಕೂರಿಸಿದ್ದು. ಕಾಸ್ಟಿಕ್ ಆ ರೆಸಿನ್ನನ್ನೂ ತಿನ್ನುತ್ತದೆ, ಗಾಜಿನ ನಾರನ್ನೂ ತಿನ್ನುತ್ತದೆ. ಬಣ್ಣ ಹೋಗುವಷ್ಟರಲ್ಲಿ ನಾರು ಮೇಲೆದ್ದು ಕೈಗೆ ಚುಚ್ಚತೊಡಗುತ್ತದೆ. ಕಣ್ಣಿಗೆ ಒಂದು ಹನಿ ಸಿಡಿದರೆ ದೃಷ್ಟಿಗೇ ಕುತ್ತು. ಬೆಂಕಿ ತೋರಿಸಿದರೆ ರೆಸಿನ್ ಕಪ್ಪು ಹೊಗೆ ಕಾರಿ ಉರಿಯುತ್ತದೆ, ಪೈಪು ಸೊಟ್ಟಗಾಗಿ ವಿಷದ ಹೊಗೆ ಬಿಡುತ್ತದೆ. ಪೆಟ್ರೋಲ್ ಬಗ್ಗೆ ಯಾರಾದರೂ ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡಿ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಪಕ್ಕದ ಕೋಣೆಯ ದೀಪಕ್ಕೋ ಒಲೆಗೋ ಮುಟ್ಟುತ್ತದೆ. ಹಾರ್ಡ್‌ವೇರ್ ಅಂಗಡಿಯ ಪೇಂಟ್ ರಿಮೂವರ್ ಕೂಡ ಫೈಬರ್‌ಗೆ ಆಗದು, ರೆಸಿನ್ನನ್ನೇ ಮೆತ್ತಗೆ ಮಾಡುತ್ತದೆ. ಡೈಕ್ಲೋರೋಮೀಥೇನ್ ಅನ್ನುವ ರಾಸಾಯನಿಕ ಇರುವ ರಿಮೂವರ್ ಮನುಷ್ಯರಿಗೂ ಆಗದು. ಮುಚ್ಚಿದ ಕೋಣೆಯಲ್ಲಿ ಅದರ ಆವಿ ಜೀವ ತೆಗೆದ ಪ್ರಕರಣಗಳಿವೆ. ಅಮೆರಿಕದಲ್ಲಿ 2019ರಲ್ಲಿ ಜನಬಳಕೆಯ ರಿಮೂವರ್‌ಗಳಿಂದ ಅದನ್ನು ನಿಷೇಧಿಸಿದರು.

ಕೈ ಹಾಕುವ ಮೊದಲು ಅರ್ಧ ಗಂಟೆ ಪರೀಕ್ಷೆಗೆ ಕೊಡಿ. ಗದೆಯ ತಲೆ ಕೋಲಿಗೆ ಸೇರುವ ಕಡೆ, ಯಾರಿಗೂ ಕಾಣದ ಜಾಗದಲ್ಲಿ ಹೆಬ್ಬೆರಳು ಒತ್ತಿ ಹತ್ತು ಎಣಿಸಿ ತೆಗೆಯಿರಿ. ಬೆರಳ ಗೆರೆ ಮೂಡಿದರೆ ಮೇಲ್ಪದರ ಹಸಿ. ಈಗ ಉಗುರಿನಿಂದ ಗೀರಿ ಅಂಚು ನೋಡಿ. ಗಟ್ಟಿ ಬಣ್ಣ ಪುಡಿಯಾಗಿ ಉದುರುತ್ತದೆ, ಹಸಿ ಬಣ್ಣ ಮೇಣದ ಹಾಗೆ ಸುರುಳಿ ಏಳುತ್ತದೆ. ನಿಮ್ಮದರಲ್ಲಿ ಸುರುಳಿಯೇ ಬರುತ್ತದೆ. ಹಾಗೇ ಕೆಳಕ್ಕೆ ಗೀರುತ್ತಾ ಹೋದರೆ ಹಳದಿ ಮುಗಿದು ಮೊದಲಿನ ಚಿನ್ನದ ಬಣ್ಣ ಕಾಣುತ್ತದೆ. ಅಲ್ಲಿಗೆ ಟರ್ಪೆಂಟೈನ್ ಅದ್ದಿದ ಹತ್ತಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಹತ್ತಿಗೆ ಹಳದಿ ಮಾತ್ರ ಬಂದು ಚಿನ್ನ ಕದಲದಿದ್ದರೆ ನಿಮ್ಮ ಅದೃಷ್ಟ. ಕೆಟ್ಟ ಪದರ ಹಳದಿಗೇ ಮುಗಿಯಿತು, ಕೆಳಗಿನದನ್ನು ಮುಟ್ಟುವುದೇ ಬೇಡ. ಹೀಗೆ ಹಳೆಯ ಬಣ್ಣ ತೊಳೆದುಕೊಂಡು ಹೊಳೆಯುತ್ತಾ ಹೊರಬಂದ ಎರಡು ಕಿರೀಟ, ಒಂದು ಗುರಾಣಿ ನಾನೇ ಕಂಡಿದ್ದೇನೆ. ಮತ್ತೆ ಬಳಿಯುವ ಕೆಲಸವೇ ಬರಲಿಲ್ಲ.

ಚಿನ್ನವೂ ಕರಗಿ, ಕೆಳಗಿನ ಫೈಬರ್ ತಾನೇ ಜಿಗುಟಾಗಿದ್ದರೆ ಕಥೆ ಬೇರೆ. ಫೈಬರ್ ರೆಸಿನ್‌ಗೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಎರಡು ಪಾಲು ಹಾಕುತ್ತಾರೆ. ಈ ರೆಸಿನ್ನಿನ ಸ್ವಭಾವ ಎನಾಮಲ್ಲಿಗೆ ತದ್ವಿರುದ್ಧ. ಗಾಳಿ ತಾಕಿದ ಮೇಲ್ಮೈ ಸರಿಯಾಗಿ ಗಟ್ಟಿಯಾಗುವುದಿಲ್ಲ, ತೆಳುವಾಗಿ ಅಂಟು ಉಳಿಸಿಕೊಳ್ಳುತ್ತದೆ. ಮೇಲ್ಮೈಯಷ್ಟೇ ಆದರೆ ಅಸಿಟೋನ್ ಬಟ್ಟೆಯಲ್ಲಿ ಒರೆಸಿ ಉಜ್ಜಿದರೆ ಮುಗಿಯಿತು. ಉಗುರು ಒಳಗೇ ಇಳಿಯುವಷ್ಟು ಮೆತ್ತಗಿದ್ದು ಇನ್ನೂ ಘಾಟು ವಾಸನೆ ಬರುತ್ತಿದ್ದರೆ ಹಾರ್ಡನರ್ ಕಡಿಮೆ ಬಿದ್ದಿದೆ, ಆ ತಲೆ ಹೊಸದಾಗಿ ಮಾಡಿಸಬೇಕು. ಎರಡು ವರ್ಷ ಚೆನ್ನಾಗಿದ್ದ ಗದೆಗೆ ಹಾಗಾಗಿರುವ ಸಂಭವ ಕಡಿಮೆ.

ಹಿಡಿಯ ರೆಕ್ಸಿನ್ನಿನದು ಪ್ರತ್ಯೇಕ ಕಾಯಿಲೆ, ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ರೆಕ್ಸಿನ್ ಅಂದರೆ ಬಟ್ಟೆಗೆ ಮೆತ್ತಿದ ಪಿವಿಸಿ. ಪಿವಿಸಿ ಮೂಲದಲ್ಲಿ ಗಡುಸು. ಅದನ್ನು ಮಡಚುವಷ್ಟು ಮೆತ್ತಗೆ ಮಾಡಲು ಎಣ್ಣೆಯಂಥ ಒಂದು ದ್ರವ ಬೆರೆಸುತ್ತಾರೆ, ಪ್ಲಾಸ್ಟಿಸೈಸರ್ ಅಂತ ಹೆಸರು. ಆ ದ್ರವ ರೆಕ್ಸಿನ್ನಿನಲ್ಲಿ ಸುಮ್ಮನೆ ಕೂರುವುದಿಲ್ಲ, ಮೇಲೆ ಎನಾಮಲ್ ಬಳಿದರೆ ನಿಧಾನವಾಗಿ ಅದರೊಳಕ್ಕೆ ಒಸರುತ್ತದೆ. ಬಣ್ಣ ನೀವು ಎಷ್ಟೇ ಶುದ್ಧವಾಗಿ, ಎಷ್ಟೇ ತೆಳ್ಳಗೆ ಬಳಿದಿರಿ, ಅದು ಮೆತ್ತಗೇ ಇರುತ್ತದೆ. ಕೆರೆದು ಮತ್ತೆ ಬಳಿದರೂ ತಿಂಗಳೊಪ್ಪತ್ತಿನಲ್ಲಿ ಮತ್ತೆ ಅಂಟು. ಆದ್ದರಿಂದ ರೆಕ್ಸಿನ್ ಬಿಚ್ಚಿ ಎಸೆಯಿರಿ. ಪೈಪಿನ ಮೇಲೆ ಉಳಿದ ಗಮ್ಮು ಒರೆಸಿ, ಹತ್ತಿಯ ನವಾರು ಪಟ್ಟಿಯನ್ನೋ ಬೆರಳ ಗಾತ್ರದ ಹತ್ತಿ ಹಗ್ಗವನ್ನೋ ಒತ್ತೊತ್ತಾಗಿ ಸುತ್ತಿ. ಅದಕ್ಕೆ ಬಣ್ಣ ಬೇಡವೇ ಬೇಡ. ಗದಾಯುದ್ಧದಲ್ಲಿ ಕೈ ಬೆವೆತಾಗ ರೆಕ್ಸಿನ್ ಜಾರುತ್ತದೆ, ಹತ್ತಿ ಬೆವರು ಕುಡಿದು ಹಿಡಿತ ಕೊಡುತ್ತದೆ. ದೂರದಿಂದ ನೋಡುವವರಿಗೆ ಕೆಂಪು ದಾರ ಸುತ್ತಿದ ಹಿಡಿ ಚಿನ್ನದ ಹಿಡಿಗಿಂತ ಚೆನ್ನಾಗಿಯೇ ಕಾಣುತ್ತದೆ.

ಪೈಪಿಗೆ ಈ ಕಾಯಿಲೆ ಇಲ್ಲ. ನೀರಿನ ಗಟ್ಟಿ ಪೈಪಿನಲ್ಲಿ ಆ ಮೆತ್ತಗೆ ಮಾಡುವ ದ್ರವ ಇರುವುದಿಲ್ಲ. ಪಿವಿಸಿ ಮೇಲೆ ಬಣ್ಣ ನಿಲ್ಲುವುದೇ ಇಲ್ಲ ಅನ್ನುವ ಮಾತು ನುಣುಪಿನಿಂದಾಗಿ ಬಂದದ್ದು. ಉಪ್ಪುಕಾಗದ ಹಿಡಿದು ಮೇಲ್ಮೈಯ ಹೊಳಪು ಮುರಿದರೆ ನಿಲ್ಲುತ್ತದೆ.

ಈಗ ಕೆರೆಯುವ ಕೆಲಸ. ಬಹಳ ಜನ ಮೊದಲು ಉಪ್ಪುಕಾಗದ ಹಿಡಿಯುತ್ತಾರೆ. ಹಸಿ ಬಣ್ಣದ ಮೇಲೆ ಅದು ಎರಡು ಉಜ್ಜಿಗೇ ಮೆತ್ತಿಕೊಂಡು ಸತ್ತುಹೋಗುತ್ತದೆ, ದುಡ್ಡು ದಂಡ. ಬೆಳಗಿನ ತಂಪಿನಲ್ಲಿ, ಬಿಸಿಲೇರುವ ಮೊದಲು ಕೂತುಕೊಳ್ಳಿ. ತಂಪಿಗೆ ಅಂಟು ಕೊಂಚ ಬಿಗಿಯುತ್ತದೆ. ಹಳೆಯ ಎಟಿಎಂ ಕಾರ್ಡನ್ನು ಓರೆಯಾಗಿ ಹಿಡಿದು ದೂಡಿದರೆ ವಾರ್ನಿಷ್ಷಿನ ಪೊರೆಯೂ ಅದರಡಿಯ ಹಳದಿಯೂ ಒಟ್ಟಿಗೆ ಸುರುಳಿಯಾಗಿ ಬರುತ್ತದೆ. ಕಬ್ಬಿಣದ ಪಟ್ಟಿ ಬೇಡ, ಫೈಬರ್ ಗೀರಿಹೋಗುತ್ತದೆ. ಆದಷ್ಟು ಹೀಗೆ ತೆಗೆದ ಮೇಲೆ ಸಾಮಿಲ್ಲಿನಿಂದ ಒಂದು ಬೊಗಸೆ ಮರದ ಪುಡಿ ತಂದು ಟರ್ಪೆಂಟೈನ್‌ನಲ್ಲಿ ತೇವ ಮಾಡಿ. ಹಿಂಡಿದರೆ ತೊಟ್ಟಿಕ್ಕಬಾರದು, ಅಷ್ಟು ತೇವ. ಅದನ್ನು ಬಣ್ಣದ ಮೇಲೆ ಮೆತ್ತಿ ಐದು ನಿಮಿಷ ಬಿಟ್ಟು, ತೆಂಗಿನ ನಾರಿನ ಹಿಡಿಯಿಂದ ಸುತ್ತು ಸುತ್ತಾಗಿ ತಿಕ್ಕಿ. ಕರಗಿದ ಬಣ್ಣವನ್ನು ಪುಡಿ ಹೀರಿಕೊಂಡು ಹಳದಿ ಕಾಳಿನ ಹಾಗೆ ಉದುರುತ್ತದೆ. ಬರೀ ಬಟ್ಟೆಯಲ್ಲಿ ಒರೆಸಿದರೆ ಬಣ್ಣ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಳಿದುಕೊಳ್ಳುತ್ತದೆ, ಅಷ್ಟೇ. ಗದೆಯ ಉಬ್ಬುಚಿತ್ತಾರದ ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು.

ಟರ್ಪೆಂಟೈನ್‌ಗೆ ಬಗ್ಗದ ಕಡೆ ಮಾತ್ರ ಎನ್.ಸಿ. ಥಿನ್ನರ್ (ಲ್ಯಾಕರ್ ಬಣ್ಣಕ್ಕೆ ಬೆರೆಸುವ ತೀಕ್ಷ್ಣ ಥಿನ್ನರ್) ತೆಗೆದುಕೊಳ್ಳಿ, ಅದೂ ಬಟ್ಟೆಗೆ ಹಾಕಿ ಒರೆಸಿದಂತೆ. ಸುರಿಯಬೇಡಿ, ನೆನೆಸಬೇಡಿ. ತೀಕ್ಷ್ಣವಾದದ್ದನ್ನೇ ಮೊದಲು ಹಿಡಿದರೆ ಹಳದಿಯ ಜೊತೆಗೆ ಕೆಳಗಿನ ಒಳ್ಳೆಯ ಚಿನ್ನವೂ ಎದ್ದುಹೋಗುತ್ತದೆ, ಪೈಪಿನ ಮೇಲ್ಮೈಯೂ ಕರಗಿ ಮಂಕಾಗುತ್ತದೆ. ಪೈಪಿಗೆ ಟರ್ಪೆಂಟೈನ್ ಅಷ್ಟೇ ಸಾಕು. ಕೆಲಸ ಬಯಲಲ್ಲಿ, ಮರದ ನೆರಳಲ್ಲಿ ಆಗಲಿ. ನೈಟ್ರೈಲ್ ಕೈಗವಸು ಹಾಕಿ. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ, ಬಯಲ ಗಾಳಿಯೇ ಅಲ್ಲಿ ರಕ್ಷಣೆ. ಕೈಗೆ ಮೆತ್ತಿದ ಬಣ್ಣಕ್ಕೆ ಥಿನ್ನರ್ ಬೇಡ. ಚೇಳೂರು ಸೀಮೆಯವರಿಗೆ ಹಲಸಿನ ಮೇಣ ಹೇಗೆ ಬಿಡಿಸುವುದೆಂದು ಹೇಳಿಕೊಡಬೇಕಿಲ್ಲ. ಕೊಬ್ಬರಿ ಎಣ್ಣೆ ತಿಕ್ಕಿ ಆಮೇಲೆ ಸೋಪು, ಹಸಿ ಎನಾಮಲ್ಲಿಗೂ ಅದೇ.

ಒಂದು ಎಚ್ಚರಿಕೆ ಮರೆಯಬೇಡಿ. ಎಣ್ಣೆಬಣ್ಣ ಹೀರಿದ ಬಟ್ಟೆ, ಮರದ ಪುಡಿಯನ್ನು ಉಂಡೆ ಮಾಡಿ ಮೂಲೆಗೆ ಹಾಕಿದರೆ ಅದು ಬಲಿಯುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಕಡ್ಡಿ ಗೀರಬೇಕಾಗಿಲ್ಲ. ನೀರು ತುಂಬಿದ ಹಳೆಯ ಡಬ್ಬಕ್ಕೆ ಹಾಕಿ ಮುಚ್ಚಿ ಹೊರಗಿಡಿ. ಹುಲ್ಲಿನ ಬಣವೆ, ಕೊಬ್ಬರಿ ಅಟ್ಟ ಇರುವ ಮನೆಗಳಲ್ಲಿ ಇದನ್ನು ಎರಡು ಸಲ ಹೇಳಿದರೂ ತಪ್ಪಿಲ್ಲ.

ಅಂಟು ಪೂರ್ತಿ ಹೋದ ಮೇಲೆ, ಚಿನ್ನ ಉಳಿಯದೆ ಮತ್ತೆ ಬಳಿಯಬೇಕಾದ ಕಡೆಗೆ ಮಾತ್ರ ಉಪ್ಪುಕಾಗದದ ಸರದಿ. ಕಪ್ಪು ವಾಟರ್ ಪೇಪರ್ 220 ನಂಬರಿನದು, ಆಮೇಲೆ ಇನ್ನೂ ನಯವಾದ 400. ಸೋಪು ನೀರಿನಲ್ಲಿ ಅದ್ದಿಯೇ ಉಜ್ಜಿ, ಒಣ ಉಜ್ಜಿದರೆ ಫೈಬರ್ ಧೂಳು ಮೈಯೆಲ್ಲ ತುರಿಸುತ್ತದೆ, ಎದೆಗೂ ಒಳ್ಳೆಯದಲ್ಲ. ಈ ಮಾತು ನಿಮ್ಮ ಗದೆಗಿಂತ ಹೆಚ್ಚಾಗಿ ಹಳೆಯ ಪೆಟ್ಟಿಗೆಗಳಲ್ಲಿರುವ ಸಾಮಾನಿಗೆ ಅನ್ವಯಿಸುತ್ತದೆ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಹಳದಿ, ಕೆಂಪು ಎನಾಮಲ್ ಬಳಿದ ಸಿಂಹಾಸನ, ರಥದ ಚಕ್ರಗಳನ್ನು ಒಣಗಿದ್ದಂತೆ ಉಜ್ಜುವುದು, ಅದೂ ಮಕ್ಕಳು ಓಡಾಡುವ ದೇವಸ್ಥಾನದ ಜಗಲಿಯಲ್ಲಿ, ಖಂಡಿತ ಕೂಡದು.

ತೊಳೆದು ಒಂದು ದಿನ ಪೂರ್ತಿ ಆರಲಿ. ಚಿನ್ನ ಉಳಿದಿದ್ದರೆ ಅಲ್ಲಿಗೇ ನಿಲ್ಲಿಸಿ. ಇಲ್ಲವಾದರೆ ಮುಂದೆ ನಿಮಗೆ ಕೆಲವು ದಾರಿಗಳಿವೆ. ತುಮಕೂರಿನ ಯಾವುದಾದರೂ ಕಾರು ಪೇಂಟಿಂಗ್ ಶೆಡ್ಡಿಗೆ ಕೊಟ್ಟು ಎಪಾಕ್ಸಿ ಪ್ರೈಮರ್, ಮೇಲೆ ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಚಿನ್ನದ ಬಣ್ಣ ಹೊಡೆಸುವುದು ಒಂದು. ಇದು ಗಾಳಿಗಾಗಿ ಕಾಯುವುದಿಲ್ಲ, ಹಾರ್ಡನರ್ ಸೇರಿ ತಾನೇ ಬಲಿಯುತ್ತದೆ, ಹೊಡೆದಾಟಕ್ಕೆ ಇಷ್ಟು ಗಟ್ಟಿ ಬೇರೆ ಇಲ್ಲ. ಆದರೆ ಎನಾಮಲ್ಲಿನ ಚೂರೂ ಉಳಿದಿರಬಾರದು, ಉಳಿದ ಕಡೆ ಸುಕ್ಕು ಏಳುತ್ತದೆ. ಮನೆಯಲ್ಲಿ ನೀವೇ ಸ್ಪ್ರೇ ಮಾಡುವ ಯೋಚನೆ ಬೇಡ. ಅದರ ಹಾರ್ಡನರ್‌ನ ಆವಿ ಉಸಿರುಕಟ್ಟುವ ಕಾಯಿಲೆ ತರುತ್ತದೆ, ಅದಕ್ಕೆ ತಕ್ಕ ಮುಖವಾಡ ಇರುವವರೇ ಮಾಡಬೇಕು.

ನೀವೇ ಮಾಡುವುದಾದರೆ ನಾನು ಹೇಳುವುದು ನೀರಿನಲ್ಲಿ ಕಲಸುವ ಅಕ್ರಿಲಿಕ್ ಮೆಟಾಲಿಕ್ ಗೋಲ್ಡ್. ಕೆಳಗೆ ಅಲ್ಲಿ ಇಲ್ಲಿ ಹಳದಿಯ ಕಲೆ ಉಳಿದಿದ್ದರೂ ಇದರ ನೀರು ಅದನ್ನು ಎಬ್ಬಿಸುವುದಿಲ್ಲ. ಪ್ಲಾಸ್ಟಿಕ್ಕಿಗೆ ಹಿಡಿಯುವ ಪ್ರೈಮರ್ ಮೊದಲು, ಅದರ ಮೇಲೆ ಕಾವಿ ಬಣ್ಣದ ಅಕ್ರಿಲಿಕ್ ಒಂದು ಕೋಟು, ಆಮೇಲೆ ಚಿನ್ನ ತೆಳ್ಳಗೆ ಎರಡು ಸಲ, ಕೊನೆಗೆ ನೀರಿನಲ್ಲಿ ಕಲಸುವ ಬಣ್ಣವಿಲ್ಲದ ಕ್ಲಿಯರ್ ಕೋಟು. ಕಾವಿಯ ಕೋಟನ್ನು ಬಿಡಬೇಡಿ. ಬಿಳಿ ಪ್ರೈಮರ್ ಮೇಲೆ ನೇರ ಬಳಿದ ಚಿನ್ನ ಇಂದಿನ ಬಿಳಿ ಎಲ್‌ಇಡಿ ಲೈಟಿನಲ್ಲಿ ಹಸಿರು ತಿರುಗಿ ಬೇಳೆಕಟ್ಟಿನ ಹಾಗೆ ಕಾಣುತ್ತದೆ, ಕೆಳಗೆ ಕೆಂಪಿದ್ದರೆ ಚಿನ್ನಕ್ಕೆ ಜೀವ ಬರುತ್ತದೆ. ಪುಡಿಯ ರೂಪದ ಹಳೆಯ ಗೋಲ್ಡ್ ಪೌಡರ್ ಕೊಳ್ಳಬೇಡಿ. ಅದು ತಾಮ್ರ ಸತುವಿನ ಮಿಶ್ರಣ, ಬೆವರು ತಾಗಿದರೆ ಕಪ್ಪಾಗುತ್ತದೆ. ಅಭ್ರಕದಿಂದ ಮಾಡಿದ ಈಗಿನ ಚಿನ್ನದ ಬಣ್ಣಕ್ಕೆ ಆ ತೊಂದರೆ ಇಲ್ಲ. ಅಕ್ರಿಲಿಕ್ಕಿಗೂ ಒಂದು ದೌರ್ಬಲ್ಯ ಇದೆ. ಬಿಸಿಗೆ ಸ್ವಲ್ಪ ಮೆತ್ತಗಾಗುತ್ತದೆ. ಟ್ರಂಕಿನಲ್ಲಿ ಪ್ಲಾಸ್ಟಿಕ್ ಸುತ್ತಿ ಇಡದೆ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಸಾಧ್ಯವಾದರೆ ತೂಗುಹಾಕಿ.

ಎನಾಮಲ್ಲೇ ಬೇಕೆಂದರೆ ಅದೂ ಆಗುತ್ತದೆ, ಐದು ವಾರದಲ್ಲಿ. ಟರ್ಪೆಂಟೈನ್ ಮಾತ್ರ, ತೆಳ್ಳಗೆ ಒಂದು ಕೋಟು, ಪೂರ್ತಿ ಒಂದು ದಿನ ಬಿಟ್ಟು ಇನ್ನೊಂದು, ಆಮೇಲೆ ಗಾಳಿಯಲ್ಲಿ ಹತ್ತು ದಿನ. ಈ ಕಾಯುವಿಕೆಯನ್ನು ನಾನು ಕಷ್ಟಪಟ್ಟು ಕಲಿತಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಳೆಗಾಲದ ಒಂದು ನಾಟಕಕ್ಕೆ ಸಿಂಹಾಸನಕ್ಕೆ ಹಿಂದಿನ ದಿನ ಎನಾಮಲ್ ಬಳಿದೆ. ಮುಟ್ಟಿ ನೋಡಿದೆ, ಒಣಗಿತ್ತು. ಸಭಾಪರ್ವದ ದೃಶ್ಯದಲ್ಲಿ ದುರ್ಯೋಧನ ಅರ್ಧ ಗಂಟೆ ಮೈಭಾರ ಹಾಕಿ ಕೂತಿದ್ದ. ಅವನು ಆರ್ಭಟಿಸಿ ಎದ್ದಾಗ ಮೇಲುವಸ್ತ್ರ ಒರಗಿಗೆ ಅಂಟಿ ಭುಜದಿಂದ ಹರಿದು ಬಂತು. ಆ ವಯಸ್ಸಾದ ನಟ ಪದ ನಿಲ್ಲಿಸಲಿಲ್ಲ. ಒಳಗೆ ಬಂದ ಮೇಲೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿನಿಂದ ಬೆರಳು ಮುಟ್ಟಿ ನೋಡುವುದನ್ನು ನಾನು ನಂಬುವುದಿಲ್ಲ. ಹತ್ತಿ ಬಟ್ಟೆಯ ಮೇಲೆ ಒಂದು ಇಟ್ಟಿಗೆ ಹೇರಿ ರಾತ್ರಿಯೆಲ್ಲ ಬಿಡುತ್ತೇನೆ. ಬೆಳಿಗ್ಗೆ ನೇಯ್ಗೆಯ ಗುರುತು ಬಣ್ಣದ ಮೇಲೆ ಬೀಳದಿದ್ದರೆ ಮಾತ್ರ ಸಾಮಾನು ಹೊರಗೆ ಹೋಗುತ್ತದೆ. ನಿಮ್ಮ ಗದೆಗೂ ನಾಟಕಕ್ಕೆ ಒಂದು ವಾರ ಮುಂಚೆ ಈ ಪರೀಕ್ಷೆ ಮಾಡಿ, ಫೇಲಾದರೆ ಇನ್ನೂ ದಿನ ಇರುತ್ತದೆ.

ಕಿರೀಟವನ್ನು ಕೆರೆಯಲು ಹೋಗಬೇಡಿ. ರಟ್ಟು ಟರ್ಪೆಂಟೈನನ್ನೂ ಕುಡಿಯುತ್ತದೆ, ನೀರನ್ನೂ ಕುಡಿಯುತ್ತದೆ, ಕೊನೆಗೆ ಪದರ ಪದರ ಬಿಡುತ್ತದೆ. ಅದರ ಅಂಟಿನ ಮೇಲೆ ಪೌಡರ್ ಉದುರಿಸಿ, ಮೆತ್ತಗಿನ ಬ್ರಷ್ಷಿನಲ್ಲಿ ಹೆಚ್ಚಾದದ್ದನ್ನು ಗುಡಿಸಿ, ಬಡಗಿಗಳು ಬಳಸುವ ಅರಗಿನ ಪಾಲಿಶ್ ತೆಳ್ಳಗೆ ಎರಡು ಸಲ ಎಳೆಯಿರಿ. ಅರಗು ಸ್ಪಿರಿಟ್ಟಿನಲ್ಲಿ ಕರಗಿರುತ್ತದೆ. ಸ್ಪಿರಿಟ್ ಎನಾಮಲ್ಲನ್ನು ಎಬ್ಬಿಸುವುದಿಲ್ಲ, ಅಂಟನ್ನು ಕೆಳಗೇ ಹಿಡಿದಿಡುತ್ತದೆ. ಗದೆಗೆ ಇದನ್ನು ಯಾಕೆ ಹೇಳಲಿಲ್ಲ ಅಂದರೆ ಅರಗು ಪೆಡಸು, ಒಂದು ಏಟಿಗೆ ಬಿರುಕು ಬಿಟ್ಟು ಅಡಿಯ ಅಂಟು ಹೊರಬರುತ್ತದೆ. ತಲೆಯ ಮೇಲೆ ಸುಮ್ಮನಿರುವ ಕಿರೀಟಕ್ಕೆ ಆ ಭಯವಿಲ್ಲ. ಅರಗಿನ ಮೇಲೆ ಬಣ್ಣದ ಬದಲು ಬೇಗಡೆ (ಹೊಳೆಯುವ ತೆಳು ಹಾಳೆ) ಅಂಟಿಸಿ ಅನ್ನುವುದು ನನ್ನ ಆಸೆ. ಮೂಡಲಪಾಯ ಯಕ್ಷಗಾನದವರ ಮರದ ಕಿರೀಟ, ಭುಜಕೀರ್ತಿಗಳನ್ನು ನೋಡಿದ್ದೀರಲ್ಲ, ಬೇಗಡೆ, ಕನ್ನಡಿ ಚೂರು ದೀಪಕ್ಕೆ ಹೇಗೆ ಮಿಂಚುತ್ತವೆ! ಯಾವ ಡಬ್ಬಿಯ ಬಣ್ಣವೂ ಅದರ ಹತ್ತಿರ ಬರುವುದಿಲ್ಲ. ಹಣೆಗೆ ತಾಗುವ ಒಳಭಾಗಕ್ಕೆ ಹತ್ತಿ ಬಟ್ಟೆಯ ಅಸ್ತರು ಹೊಲಿಯಿರಿ.

ಇನ್ನು ವೆಲ್ವೆಟ್. ಮೆತ್ತಿದ ಬಣ್ಣ ಇನ್ನೂ ಹಸಿ ಇರುವುದೇ ಇಲ್ಲಿ ನಿಮಗೆ ಅನುಕೂಲ, ಬಲಿತರೆ ಬರುವುದಿಲ್ಲ, ಆದ್ದರಿಂದ ಗದೆಗಿಂತ ಮೊದಲು ಇದನ್ನೇ ಮಾಡಿ. ಕೋಟಿನ ಒಳಮಡಿಕೆಯಲ್ಲಿ ಒಂದು ಹನಿ ಟರ್ಪೆಂಟೈನ್ ಹಾಕಿ ವೆಲ್ವೆಟ್ಟಿನ ಬಣ್ಣ ಬಿಡುತ್ತದೆಯೇ ನೋಡಿ. ಬಿಟ್ಟರೆ ಅಲ್ಲಿಗೇ ನಿಲ್ಲಿಸಿ ಡ್ರೈಕ್ಲೀನಿಂಗ್‌ಗೆ ಕೊಡಿ, ಎನಾಮಲ್ ಕಲೆ ಅಂತ ಬಾಯಿಬಿಟ್ಟು ಹೇಳಿ ಕೊಡಿ. ಬಿಡದಿದ್ದರೆ ಕಲೆಯ ಮುಖವನ್ನು ಬಿಳಿ ಹತ್ತಿ ಬಟ್ಟೆಯ ಮೇಲೆ ಕವುಚಿ ಹಾಸಿ, ಹಿಂಭಾಗದಿಂದ ಟರ್ಪೆಂಟೈನ್ ಹತ್ತಿಯಲ್ಲಿ ಒತ್ತಿ. ತಿಕ್ಕಿದರೆ ಜೂಲು ಮುರಿದು ಬೋಳಾಗುತ್ತದೆ, ಒತ್ತುವುದಷ್ಟೇ. ಕೆಳಗಿನ ಬಟ್ಟೆಗೆ ಹಳದಿ ಇಳಿದಂತೆಲ್ಲ ಹೊಸ ಜಾಗಕ್ಕೆ ಸರಿಸುತ್ತಾ ಹೋಗಿ. ಹಳದಿ ನಿಂತ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ತಣ್ಣೀರಿಗೆ ಹಾಕಿ ಅದರಲ್ಲೇ ಒತ್ತಿ ತೆಗೆಯಿರಿ. ಜರಿ ಇರುವ ಅಂಚಿಗೆ ತಾಗದಂತೆ ನೋಡಿಕೊಳ್ಳಿ. ನೆರಳಲ್ಲಿ ಆರಿದ ಮೇಲೆ ಮೆತ್ತಗಿನ ಬ್ರಷ್ಷಿನಲ್ಲಿ ಜೂಲನ್ನು ಒಂದೇ ದಿಕ್ಕಿಗೆ ಬಾಚಿ. ಡ್ರೆಸ್ಸಿನವರಿಗೆ ಈಗಲೇ ಒಂದು ಫೋನ್ ಮಾಡಿ ವಿಷಯ ಹೇಳಿ, ಅವರ ಬಳಿ ಆ ಬಟ್ಟೆಯ ತುಂಡು ಇದ್ದರೆ ಪರೀಕ್ಷೆಯನ್ನು ಅದರ ಮೇಲೇ ಮಾಡಬಹುದು.